ಗೇಟಿನ ಯಾವ ತುದಿ

ಮೂಡಿಗೆರೆ
೬ ಮಾರ್ಚ್ ೧೯೯೪

ಪ್ರೀತಿಯ ದೀಪಾ,

ನಾವೆಲ್ಲ ಆರಾಮ ಅಂತ ಬರೆದರೆ ಸುಳ್ಳಾಗುತ್ತದೆ, ಅದಕ್ಕೆ ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಕಾಲೇಜಿನ ಫೋನ್ ಪ್ರಿನ್ಸಿಪಾಲರ ಮೇಜಿನ ಮೇಲಿದೆ. ಇಲ್ಲಿ ಬಸ್‌ಸ್ಟ್ಯಾಂಡಿನ ಬೂತಿನಲ್ಲಿ ನಾನು 'ಕೊಲೆ' ಅನ್ನುವ ಮಾತು ಬಾಯಿಬಿಟ್ಟರೆ ಸಂಜೆಯೊಳಗೆ ಪಕ್ಕದ ಹ್ಯಾಂಡ್‌ಪೋಸ್ಟ್ ಊರಿನವರೆಗೂ ಮುಟ್ಟಿರುತ್ತದೆ.

ನನ್ನ ತಮ್ಮ ವಿಶು ಜೈಲಿನಲ್ಲಿದ್ದಾನೆ ಕಣೇ. ಕೊಲೆ ಕೇಸು. ಜಾಮೀನು ಸಿಕ್ಕಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಾನು ಬಿ.ಎಸ್ಸಿ. ಬಿಟ್ಟು ಅಂಗಡಿಯಲ್ಲಿ ಕೂತೆ, ಅವನು ಜೀಪು ತಗೊಂಡು ತೋಟಗಳಿಗೆ ಬಾಡಿಗೆ ಓಡಿಸುತ್ತಿದ್ದ ಅಂತ ನಿನಗೆ ಗೊತ್ತು. ಡಿಸೆಂಬರಿನಲ್ಲಿ ಕೊಯ್ಲು ಜೋರಾಗಿತ್ತು. ಕೆಸವಿನಗುಂಡಿ ಎಸ್ಟೇಟಿನಿಂದ ಕಾಫಿ ಹಣ್ಣಿನ ಮೂಟೆ ತರುವುದಕ್ಕೆ ಬೆಳಿಗ್ಗೆ ಖಾಲಿ ಜೀಪು ತಗೊಂಡು ಹೋದ. ವಿಪರೀತ ಮಂಜು. ಗೇಟನ್ನು ಎಲ್ಲರೂ ತಳ್ಳುವ ಹಾಗೆ, ಇಳಿಯದೆ, ಬಂಪರಿನಿಂದಲೇ ತಳ್ಳಿದ. ಒಳಗಡೆ ಗೇಟು ಕಾಯುವ ಸುಬ್ಬಣ್ಣ ಆಗಷ್ಟೇ ಸರಪಳಿ ಬಿಚ್ಚಿ ನಿಂತಿದ್ದರಂತೆ. ಗೇಟಿನ ತುದಿ ಅವರ ಎದೆಗೆ ಬಡಿದು ಚರಂಡಿಗೆ ಹಾರಿ ಬಿದ್ದರು. ವಿಶುನೇ ಅವರನ್ನು ಜೀಪಿಗೆ ಹಾಕಿಕೊಂಡು ಆಸ್ಪತ್ರೆಗೆ ತಂದ. ದಾರಿಯಲ್ಲೇ ಜೀವ ಹೋಯಿತು.

ಇದು ಅಪಘಾತ ತಾನೇ? ಆದರೆ ಹಿಂದಿನ ದಿನ ಇಬ್ಬರಿಗೂ ಜಗಳವಾಗಿತ್ತು. ಕಳ್ಳತನ ಆಗುತ್ತಿದೆ ಅಂತ ಸುಬ್ಬಣ್ಣ ಜೀಪನ್ನೆಲ್ಲ ಜಾಲಾಡಿದರು. ನಮ್ಮ ವಿಶು, ಈ ದೂರ್ವಾಸ ಮುನಿ, ಕೊಯ್ಲಿನ ಹೆಂಗಸರ ಮುಂದೆಯೇ "ನಾಳೆ ಬರ್ತೀನಿ, ನೋಡ್ಕೋ" ಅಂತ ಕೂಗಾಡಿ ಬಂದಿದ್ದ. ಗೇಟಿನ ತುದಿ ಸುಮಾರು ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಬಡಿದಿದೆ ಅಂತ ಡಾಕ್ಟರೂ ಬ್ರೇಕ್ ಇನ್‌ಸ್ಪೆಕ್ಟರೂ ಬರೆದುಕೊಟ್ಟಿದ್ದಾರೆ. ಗೇಟೇ ನಲವತ್ತು ಅಂದರೆ ಜೀಪು ಅದಕ್ಕಿಂತ ಜೋರಾಗಿ ಬಂದಿರಬೇಕು, ಬೇಕಂತಲೇ ಗುದ್ದಿದ್ದಾನೆ ಅನ್ನುವುದು ಪೊಲೀಸರ ವಾದ. ವಿಶು ಮಾತ್ರ ಸೆಕೆಂಡ್ ಗೇರಿನಲ್ಲಿದ್ದೆ, ಮೆಲ್ಲಗೆ ಬಂದೆ ಅನ್ನುತ್ತಾನೆ. ಅವತ್ತು ಗೇಟು ಯಾಕೋ ಭಾರ ಇತ್ತು ಅಂತಲೂ ಹೇಳುತ್ತಾನೆ.

ನಮ್ಮ ವಕೀಲರಿಗೆ ಭಾಷಣ ಬರುತ್ತದೆ, ಲೆಕ್ಕ ಬರುವುದಿಲ್ಲ. ನೀನು ಫಿಸಿಕ್ಸ್ ಪಾಠ ಮಾಡುವವಳು. ಜೀಪು ಸಾವಿರದ ಇನ್ನೂರು ಕೆ.ಜಿ. ಗೇಟು ಹನ್ನೆರಡು ಅಡಿ ಉದ್ದ, ಕಬ್ಬಿಣದ್ದು, ಮಾಡಿಕೊಟ್ಟ ವೆಲ್ಡಿಂಗ್ ಶಾಪಿನವರ ಪ್ರಕಾರ ನೂರೈವತ್ತು ಕೆ.ಜಿ. ಬಂಪರು ಗೇಟಿನ ಸರಳಿಗೆ ಸಿಕ್ಕಿಕೊಂಡು ಎರಡೂ ಒಟ್ಟಿಗೇ ಹೋಗಿವೆ. ಗುದ್ದಿದ ಗುರುತು ಗೇಟಿನ ಎಡತುದಿಯ ಕಡೆ ಇದೆ ಅಂತ ಪಂಚನಾಮೆಯಲ್ಲಿದೆ. ಜೀಪು ಎಷ್ಟು ವೇಗದಲ್ಲಿತ್ತು, ಹೇಳು.

ನನ್ನ ತಮ್ಮ ಮುಂಗೋಪಿ, ಸುಳ್ಳುಗಾರನಲ್ಲ. ನನಗೆ ಗೊತ್ತು. ಆದರೂ ನಿನ್ನ ಕೈಯಿಂದ ಒಂದು ಸಲ ಬರಲಿ ದೀಪಾ. ಅಮ್ಮ ಎರಡು ತಿಂಗಳಿಂದ ಸರಿಯಾಗಿ ಉಂಡಿಲ್ಲ.

ನಿನ್ನ
ಸುಪ್ರಿಯಾ


ಧಾರವಾಡ
೧೯ ಮಾರ್ಚ್ ೧೯೯೪

ಪ್ರೀತಿಯ ಸುಪ್ಪಿ,

ನಿನ್ನ ಕಾಗದ ಓದಿದೆ. ನಮ್ಮ ವಿಶು! ನಾವು ಹಾಸ್ಟೆಲಿನಲ್ಲಿದ್ದಾಗ ನಿಮ್ಮಮ್ಮ ಮಾಡಿದ ಖಾರದಪುಡಿ ಹೊತ್ತು ತಂದು, ನಮ್ಮ ವಾರ್ಡನ್ನಿಗೆ ಹೆದರಿ ಕಾಂಪೌಂಡಿನ ಆಚೆಯೇ ನಿಂತಿರುತ್ತಿದ್ದವನು. ಮೂರು ಸಲ ಉತ್ತರ ಬರೆದು ಹರಿದು ಹಾಕಿದೆ. ತಡವಾಗಿದ್ದಕ್ಕೆ ಬೈಯಬೇಡ.

ಲೆಕ್ಕ ಮಾಡಿದೆ. ಮೊದಲೇ ಹೇಳುತ್ತೇನೆ, ನೀನು ಕೇಳಬೇಕು ಅಂದುಕೊಂಡ ಉತ್ತರ ಇದಲ್ಲ.

ಎರಡು ವಸ್ತು ಗುದ್ದಿಕೊಂಡು ಅಂಟಿಕೊಂಡು ಹೋದರೆ ಶಕ್ತಿ ಪೂರ್ತಿ ಉಳಿಯುವುದಿಲ್ಲ. ಕಬ್ಬಿಣ ಬಗ್ಗಿಸುವುದರಲ್ಲಿ, ಸದ್ದಿನಲ್ಲಿ, ಒಂದಷ್ಟು ಹೋಗಿಬಿಡುತ್ತದೆ, ಎಷ್ಟು ಅಂತ ಹೇಳಲಾಗದು. ಆದರೆ ಮೊಮೆಂಟಮ್ ಹೋಗುವುದಿಲ್ಲ. ತೂಕ ಗುಣಿಸು ವೇಗ, ಗುದ್ದುವ ಮೊದಲು ಎಷ್ಟಿತ್ತೋ ಆಮೇಲೂ ಅಷ್ಟೇ. ನಾನು ಹಿಡಿದುಕೊಳ್ಳಬಹುದಾದ್ದು ಅದೊಂದನ್ನೇ.

ಆ ಗೇಟು ನನಗೆ ಗೊತ್ತು. ಎನ್ನೆಸ್ಸೆಸ್ ಕ್ಯಾಂಪಿಗೆ ಹೋದಾಗ ನಾವಿಬ್ಬರೂ ಅದರ ಮೇಲೆ ಹತ್ತಿ ಕೂತು ಬೈಸಿಕೊಂಡಿದ್ದೆವಲ್ಲ. ಕೀಲು ಬಲಗಡೆ, ಚಿಲಕ ಎಡಗಡೆ. ನಮ್ಮೂರ ಕಡೆ ಜೀಪಿನವರು ಯಾವಾಗಲೂ ಚಿಲಕದ ತುದಿಯಲ್ಲೇ ತಳ್ಳುವುದು, ಅದು ಇಬ್ಬರಿಗೂ ಗೊತ್ತು. ಪಂಚನಾಮೆಯೂ ಎಡತುದಿ ಅನ್ನುತ್ತಿದೆ. ಅಂದಮೇಲೆ ಸುಬ್ಬಣ್ಣನವರಿಗೆ ಬಡಿದ ತುದಿಯೂ ಜೀಪು ಗುದ್ದಿದ ತುದಿಯೂ ಒಂದೇ. ಜೀಪು, ಗೇಟು ಎರಡೂ ಸೇರಿ ಸಾವಿರದ ಮುನ್ನೂರೈವತ್ತು ಕೆ.ಜಿ., ವೇಗ ನಲವತ್ತು. ಇದನ್ನು ಜೀಪಿನ ತೂಕದಿಂದ ಭಾಗಿಸಿದರೆ ನಲವತ್ತೈದು ಬರುತ್ತದೆ. ಗೇಟು ತಿರುಗುವುದರಿಂದ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಆದರೆ ಸೆಕೆಂಡ್ ಗೇರಿಗಂತೂ ಇಳಿಯುವುದಿಲ್ಲ.

ಗಂಟೆಗೆ ನಲವತ್ತೈದು ಕಿಲೋಮೀಟರ್, ಆ ತೋಟದ ದಾರಿಯಲ್ಲಿ, ಮಂಜಿನಲ್ಲಿ. ಸುಪ್ಪಿ, ಸಿಟ್ಟು ಬಂದ ಗಳಿಗೆಯಲ್ಲಿ ಮನುಷ್ಯ ಏನು ಮಾಡುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಆಮೇಲೆ ಹೆದರಿಕೆಯಲ್ಲಿ, ಮೆಲ್ಲಗೆ ಬಂದೆ ಅಂತ ತನಗೆ ತಾನೇ ನಂಬಿಸಿಕೊಂಡಿರಬಹುದು. ಇದನ್ನು ವಕೀಲರಿಗೆ ತೋರಿಸಬೇಡ. ನಿನ್ನ ಹತ್ತಿರವೇ ಇರಲಿ.

ನಿನ್ನ
ದೀಪಾ


ಮೂಡಿಗೆರೆ
೨ ಏಪ್ರಿಲ್ ೧೯೯೪

ದೀಪಶ್ರೀಗೆ,

ಕಾಗದ ತಲುಪಿತು. ನಿನ್ನ ಕೆಲಸದ ಮಧ್ಯೆ ಇಷ್ಟು ಮಾಡಿದ್ದಕ್ಕೆ ಉಪಕಾರವಾಯಿತು. ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಹಬ್ಬ ಹತ್ತಿರ ಬಂತು, ಅಂಗಡಿಯಲ್ಲಿ ಬಿಡುವಿಲ್ಲ.

ಸುಪ್ರಿಯಾ


ಧಾರವಾಡ
೧೦ ಮೇ ೧೯೯೪

ಪ್ರೀತಿಯ ಸುಪ್ಪಿ,

ನೀನು ನನ್ನನ್ನು ದೀಪಶ್ರೀ ಅಂತ ಕರೆದದ್ದು ಇದೇ ಮೊದಲು. ಹಾಜರಿ ಕೂಗಿದ ಹಾಗಿತ್ತು. ನಾನೂ ಎದ್ದು ನಿಂತು 'ಎಸ್ ಮೇಡಂ' ಅನ್ನಬೇಕಿತ್ತೋ ಏನೋ.

ಸಿಟ್ಟು ಬಂದಿದೆ ಅಂತ ಗೊತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ತಪ್ಪಾ? ನಾನು ಸುಳ್ಳು ಲೆಕ್ಕ ಬರೆದು ಕಳಿಸಿ, ಕೋರ್ಟಿನಲ್ಲಿ ಎದುರು ವಕೀಲರು ಅದನ್ನು ಹರಿದು ಬಿಸಾಕಿದ್ದರೆ ವಿಶುಗೇ ಹೆಚ್ಚು ತೊಂದರೆಯಾಗುತ್ತಿತ್ತು. ನಿನಗೆ ಬೇಕಾದ್ದು ಗೆಳತಿಯೋ ಸಾಕ್ಷಿಯೋ, ನೀನೇ ಹೇಳು.

ಪರೀಕ್ಷೆಯ ಪೇಪರ್ ತಿದ್ದುವ ಕೆಲಸ ನಡೆದಿದೆ. ದಿನಕ್ಕೆ ನಲವತ್ತು ಪೇಪರ್ ನಿದ್ದೆಗಣ್ಣಿನಲ್ಲೇ ತಿದ್ದಿ ಬಿಸಾಕುತ್ತೇವೆ. ರಜೆಯಲ್ಲಿ ನಮ್ಮೂರು ಮಲ್ಲಂದೂರಿಗೆ ಬಂದರೆ ನಿಮ್ಮ ಮನೆಗೆ ಬರಬಹುದಾ? ಬರಬೇಡ ಅಂದರೂ ಪರವಾಗಿಲ್ಲ, ಏನಾದರೂ ಬರೆ.

ದೀಪಾ


ಧಾರವಾಡ
೨೮ ಜೂನ್ ೧೯೯೪

ಸುಪ್ಪಿ,

ನೀನು ಉತ್ತರ ಬರೆಯಲಿಲ್ಲ, ನಾನೂ ಜಂಬದಲ್ಲಿ ಸುಮ್ಮನಿದ್ದೆ. ಅದೆಲ್ಲ ಈಗ ಬಿಡು. ಈ ಕಾಗದ ಕೈಗೆ ಸಿಕ್ಕ ತಕ್ಷಣ ನಾನು ಹೇಳಿದ್ದು ಮಾಡು.

ಇವತ್ತು ತರಗತಿಯಲ್ಲಿ ಬಾಗಿಲಿನ ಲೆಕ್ಕ ಮಾಡಿಸುತ್ತಿದ್ದೆ. ಕೀಲಿನ ಮೇಲೆ ತಿರುಗುವ ಬಾಗಿಲಿಗೆ ಮಣ್ಣಿನ ಮುದ್ದೆ ಎಸೆಯುತ್ತೇವೆ, ಅದು ಬಾಗಿಲಿಗೇ ಅಂಟಿಕೊಳ್ಳುತ್ತದೆ, ಬಾಗಿಲು ಎಷ್ಟು ವೇಗದಲ್ಲಿ ತಿರುಗುತ್ತದೆ? ಬಾಗಿಲಿನ ಚಿತ್ರ ಬರೆದು ಮುದ್ದೆಯನ್ನು ಎಲ್ಲಿ ಹಾಕಲಿ ಅಂತ ಒಂದು ಕ್ಷಣ ಸೀಮೆಸುಣ್ಣ ಹಿಡಿದು ನಿಂತೆ. ಆಗ ಕೆಸವಿನಗುಂಡಿಯ ಗೇಟು ನೆನಪಾಯಿತು. ತರಗತಿ ಬಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ.

ಗೇಟಿಗೆ ಕೀಲಿದೆ. ಜೀಪು ತಳ್ಳಿದಾಗ ಕೀಲೂ ಗೇಟನ್ನು ಹಿಡಿದು ಎಳೆಯುತ್ತದೆ. ಆದ್ದರಿಂದ ಬರೀ ತೂಕ ಗುಣಿಸು ವೇಗ ಅನ್ನುವ ಲೆಕ್ಕ ಇಲ್ಲಿ ಉಳಿಯುವುದೇ ಇಲ್ಲ. ಉಳಿಯುವುದು ಆಂಗ್ಯುಲರ್ ಮೊಮೆಂಟಮ್. ಅಂದರೆ ಎಷ್ಟು ಜೋರಾಗಿ ಗುದ್ದಿತು ಅನ್ನುವುದರ ಜೊತೆಗೆ ಕೀಲಿನಿಂದ ಎಷ್ಟು ದೂರದಲ್ಲಿ ಗುದ್ದಿತು ಅನ್ನುವುದೂ ಲೆಕ್ಕಕ್ಕೆ ಬರಬೇಕು. ಚಿಲಕದ ತುದಿಯಲ್ಲಿ ಗುದ್ದಿದ್ದರೆ ನನ್ನ ಹಳೆಯ ಉತ್ತರ ಹೆಚ್ಚೇನೂ ಬದಲಾಗುವುದಿಲ್ಲ. ಆದರೆ ಕೀಲಿನ ಹತ್ತಿರ ಗುದ್ದಿದ್ದರೆ ಕಥೆಯೇ ಬೇರೆ. ಜೀಪು ಮೆಲ್ಲಗೆ ಬಂದರೂ ಆಚೆ ತುದಿ ಬೀಸಿಕೊಂಡು ಹೋಗುತ್ತದೆ.

ನಮ್ಮೂರ ಜೀಪಿನವರು ಹೀಗೇ ತಳ್ಳುತ್ತಾರೆ ಅಂತ ನಾನು ಬರೆದೆ. ಆ ಊರು ನೋಡದವರು ಯಾರಾದರೂ ಆಗಿದ್ದರೆ, ಎಲ್ಲಿ ಗುದ್ದಿತು ಅಂತ ಮೊದಲು ಕೇಳುತ್ತಿದ್ದರು. ನನಗೆ ಗೊತ್ತಿದೆ ಅಂತ ನಾನು ಕೇಳಲಿಲ್ಲ. ವಿಶು ಗೇಟು ಭಾರ ಇತ್ತು ಅಂದಿದ್ದ. ಕೀಲಿನ ಹತ್ತಿರ ತಳ್ಳಿದರೆ ಬಾಗಿಲು ಭಾರವೇ ಇರುತ್ತದೆ, ಸುಪ್ಪಿ. ಅವನು ಹೇಳಿದ್ದನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ತೋಟಕ್ಕೆ ಹೋಗು. ಬಗ್ಗಿದ ಜಾಗ ಕೀಲಿನಿಂದ ಎಷ್ಟು ದೂರದಲ್ಲಿದೆ ಅಂತ ಅಳೆದು ತಿಳಿಸು. ನನ್ನ ಹಳೆಯ ಕಾಗದವನ್ನು ಯಾರಿಗೂ ತೋರಿಸಿಲ್ಲ ತಾನೇ?

ದೀಪಾ


ಮೂಡಿಗೆರೆ
೫ ಜುಲೈ ೧೯೯೪

ದೀಪಾ,

ತೋರಿಸಿದ್ದೇನೆ. ವಕೀಲರಿಗಲ್ಲ. ವಿಶುಗೆ.

ಮಾರ್ಚಿನಲ್ಲಿ ನಿನ್ನ ಕಾಗದ ಬಂದ ಮರುದಿನವೇ ಅಂಗಡಿ ಬಾಗಿಲು ಹಾಕಿ ಚಿಕ್ಕಮಗಳೂರು ಜೈಲಿಗೆ ಹೋದೆ. ಬಸ್ಸಿನಲ್ಲಿ ಇಡೀ ದಾರಿ ಅವನ ಮೇಲೆ ಕುದಿಯುತ್ತಿದ್ದೆ. ಊರವರ ಮುಂದೆಲ್ಲ ನನ್ನ ತಮ್ಮ ಹಾಗಲ್ಲ ಅಂತ ಎದೆ ತಟ್ಟಿಕೊಂಡು ಹೇಳಿದ್ದೆನಲ್ಲ, ನನ್ನ ಮುಖಕ್ಕೆ ಮಸಿ ಬಳಿದ ಅನ್ನಿಸಿತು. ಜಾಲರಿ ಆಚೆ ಬಂದು ನಿಂತವನು, ನನ್ನನ್ನು ನೋಡಿ ನಕ್ಕ.

"ನಿಜ ಹೇಳು, ಎಷ್ಟು ಸ್ಪೀಡಲ್ಲಿದ್ದೆ?" ಅಂದೆ.

"ಸೆಕೆಂಡ್ ಗೇರಲ್ಲಿದ್ದೆ ಅಕ್ಕ. ಎಷ್ಟು ಸಲ ಹೇಳ್ಲಿ?"

"ಸುಳ್ಳು ಹೇಳ್ಬೇಡ ಮಾರಾಯ. ದೀಪಾ ಲೆಕ್ಕ ಹಾಕಿದಾಳೆ. ನಲವತ್ತೈದು ಬರುತ್ತೆ."

"ದೀಪಕ್ಕನಾ?" ಅಂದ. ಕಾಗದ ಜಾಲರಿಗೆ ಒತ್ತಿ ಹಿಡಿದೆ. ಬಹಳ ಹೊತ್ತು ಓದಿದ. ಆಮೇಲೆ, "ದೀಪಕ್ಕನ ಲೆಕ್ಕದಲ್ಲಿ ಹಂಗೆ ಬಂದ್ರೆ ಹಂಗೇ ಇರ್ಬೇಕು" ಅಂದ. ನಾನು ಅದನ್ನು ಒಪ್ಪಿಗೆ ಅಂದುಕೊಂಡೆ. ತಪ್ಪೊಪ್ಪಿಕೊಂಡು ಜಡ್ಜಿನ ಕಾಲು ಹಿಡಿ, ಸುಬ್ಬಣ್ಣನ ಹೆಂಡತಿಯ ಮುಂದೆ ತಲೆತಗ್ಗಿಸಿ ಬದುಕುತ್ತಿದ್ದೇವೆ ಅಂತ ಅಂದು ಬಂದೆ. ಆಮೇಲೆ ಅವನನ್ನು ನೋಡಲು ಹೋಗಲೇ ಇಲ್ಲ. ಅಮ್ಮ ಹೋದಾಗ ಬುತ್ತಿ ಕಟ್ಟಿಕೊಡಲೂ ಇಲ್ಲ.

ಈ ಜೂನಿನಲ್ಲಿ ಸೆಷನ್ಸ್ ಕೋರ್ಟಿನಲ್ಲಿ ಜಡ್ಜು, ಆಪಾದನೆ ಒಪ್ಪುತ್ತೀಯಾ ಅಂತ ಕೇಳಿದರಂತೆ. "ಹೌದು ಸ್ವಾಮಿ, ಬೇಕಂತಲೇ ಗುದ್ದಿದೆ" ಅಂದುಬಿಟ್ಟಿದ್ದಾನೆ. ವಕೀಲರು ತಲೆ ಚಚ್ಚಿಕೊಂಡರು. ಇಂಥ ಕೇಸಿನಲ್ಲಿ ಅವಸರ ಬೇಡ, ಯೋಚನೆ ಮಾಡಿ ಹೇಳು ಅಂತ ಜಡ್ಜು ಇದೇ ತಿಂಗಳ ಇಪ್ಪತ್ತೆರಡಕ್ಕೆ ಹಾಕಿದ್ದಾರೆ. ಅವತ್ತೂ ಹಾಗೇ ಅಂದರೆ ಜೀವಾವಧಿ ಕಣೇ. ಇದನ್ನು ನಿನಗೆ ಬರೆಯುವ ಮುಖ ನನಗಿರಲಿಲ್ಲ.

ನಿನ್ನ ಕಾಗದ ಬಂದ ದಿನವೇ ಟೇಪು ಹಿಡಿದು ಕೆಸವಿನಗುಂಡಿಗೆ ಹೋದೆ. ಮಳೆ ಹೊಯ್ಯುತ್ತಿತ್ತು. ಗೇಟಿನ ಕೀಲು ಎಡಗಡೆ ಇದೆ ದೀಪಾ. ಬಲಗಡೆ ಇದ್ದದ್ದು ಈಗ ಎಡಗಡೆ. ಬಲಗಡೆಯ ಕಂಬದಲ್ಲಿ ಹಳೆಯ ಕೀಲು ಕಿತ್ತ ಗುಳಿಗೆ ಸಿಮೆಂಟು ಮೆತ್ತಿದ್ದಾರೆ. ಯಾವಾಗ ಹೀಗೆ ಮಾಡಿದಿರಿ ಅಂತ ತೋಟದ ಯಜಮಾನರನ್ನು ಕೇಳಿದೆ. ಗೊಬ್ಬರದ ಲಾರಿ ತಾಗಿ ಬಲಗಂಬ ಅಲ್ಲಾಡುತ್ತಿತ್ತು, ಅಪಘಾತದ ಹಿಂದಿನ ಸಂಜೆಯಷ್ಟೇ ಗೇಟು ತಿರುಗಿಸಿ ಹಾಕಿಸಿದ್ದೆವು ಅಂದರು. ಪೊಲೀಸರಿಗೆ ಯಾಕೆ ಹೇಳಲಿಲ್ಲ ಅಂದೆ. "ಕೇಳಿದ್ರೆ ಹೇಳ್ತಿದ್ದೆ ಕಣಮ್ಮ. ಯಾರೂ ಕೇಳ್ಲಿಲ್ಲ" ಅಂದರು.

ಅಂದರೆ ವಿಶು ಮಂಜಿನಲ್ಲಿ, ಯಾವತ್ತೂ ಚಿಲಕ ಇರುತ್ತಿದ್ದ ಕಡೆ ಬಂಪರು ಕೊಟ್ಟಿದ್ದಾನೆ. ಅವತ್ತು ಅಲ್ಲಿ ಕೀಲಿತ್ತು. ಸುಬ್ಬಣ್ಣ ನಿಂತಿದ್ದು ಆಚೆ ತುದಿಯಲ್ಲಿ.

ಒಬ್ಬಳಿಗೇ ಟೇಪು ಹಿಡಿಯಲಾಗದೆ ಒದ್ದಾಡುತ್ತಿದ್ದಾಗ ಸುಬ್ಬಣ್ಣನ ಹೆಂಡತಿ ಗಿಡ್ಡಮ್ಮ ತೋಟದ ಕೂಲಿಯವರ ಲೈನ್ ಮನೆಯಿಂದ ಕಂಬಳಿಕೊಪ್ಪೆ ಹೊದ್ದು ಬಂದರು. ನಾನು ಯಾರು ಅಂತ ಗೊತ್ತಿತ್ತು. ಬೈಯುತ್ತಾರೆ ಅಂತ ನಿಂತೆ. ಅವರು ಟೇಪಿನ ತುದಿ ಇಸ್ಕೊಂಡು ಕೀಲಿಗೆ ಒತ್ತಿ ಹಿಡಿದರು. "ನಿಮ್ ತಮ್ಮ ಆವತ್ತು ಅವ್ರನ್ನ ಎತ್ತಿ ಜೀಪಿಗೆ ಹಾಕ್ವಾಗ ಅಳ್ತಿದ್ದ ಕಣವ್ವ. ಪೊಲೀಸ್ರಿಗೆ ಹೇಳ್ದೆ, ಅವ್ರು ಬರ್ಕಳ್ಳಿಲ್ಲ" ಅಂದರು. ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು. ಅವರ ಮುಂದೆ ಅಳುವ ಹಕ್ಕು ನನಗಿದೆಯಾ?

ಬಗ್ಗಿದ ಜಾಗ ಕೀಲಿನಿಂದ ಮೂರು ಅಡಿಯಲ್ಲಿದೆ. ಬೇಗ ಲೆಕ್ಕ ಮಾಡು. ಈ ಸಲ ತಪ್ಪಬೇಡ.

ಸುಪ್ರಿಯಾ


ಧಾರವಾಡ
೧೦ ಜುಲೈ ೧೯೯೪

ಸುಪ್ಪಿ,

ನಾನು ಮಾಡಿದೆ, ನಮ್ಮ ವಿಭಾಗದ ಹೆಡ್ ಮಾಡಿದರು, ಇನ್ನೊಬ್ಬ ಲೆಕ್ಚರರ್ ಹತ್ತಿರ ಏನೂ ಹೇಳದೆ ಬೇರೆಯಾಗಿ ಮಾಡಿಸಿದೆ. ಮೂವರದೂ ಒಂದೇ ಉತ್ತರ.

ಕೀಲಿನಿಂದ ಮೂರು ಅಡಿಯಲ್ಲಿ ಗುದ್ದಿದರೆ ಹನ್ನೆರಡು ಅಡಿಯ ಆಚೆ ತುದಿ, ಜೀಪು ಬಂದ ವೇಗದ ಎರಡೂವರೆ ಪಟ್ಟಿನಷ್ಟು ಬೀಸುತ್ತದೆ, ಸರಿಯಾಗಿ ಹೇಳಬೇಕೆಂದರೆ ಎರಡು ಪಾಯಿಂಟ್ ನಾಲ್ಕು ಪಟ್ಟು. ತುದಿ ನಲವತ್ತು ಅಂದರೆ ಜೀಪು ಹದಿನೇಳರ ಒಳಗೇ. ಗುದ್ದಿದ ಮೇಲೆ ಜೀಪಿನ ವೇಗ ಹತ್ತಕ್ಕೆ ಇಳಿದಿರುತ್ತದೆ. ಇದ್ದ ಶಕ್ತಿಯಲ್ಲಿ ಐದರಲ್ಲಿ ಎರಡು ಪಾಲು ಕಬ್ಬಿಣ ಬಗ್ಗುವುದರಲ್ಲೇ ಹೋಗಿದೆ. ಅದಕ್ಕೇ ಗೇಟು ಅಷ್ಟು ಬಗ್ಗಿದ್ದು, ಜೋರಾಗಿ ಬಂದದ್ದಕ್ಕಲ್ಲ.

ಹದಿನೇಳು ಅಂದರೆ ಸೆಕೆಂಡ್ ಗೇರು. ಅವನು ಮೊದಲ ದಿನದಿಂದ ಹೇಳುತ್ತಿದ್ದುದೇ ಅದು.

ಮೂವರೂ ಸಹಿ ಹಾಕಿದ ಹಾಳೆಗಳನ್ನು ಇದರ ಜೊತೆ ರಿಜಿಸ್ಟರ್ ಮಾಡಿ ಕಳಿಸಿದ್ದೇನೆ. ವಕೀಲರಿಗೆ ಕೊಡು. ಇಪ್ಪತ್ತೆರಡಕ್ಕೆ ರಜೆ ಹಾಕಿ ಚಿಕ್ಕಮಗಳೂರಿಗೆ ಬರುತ್ತೇನೆ. ಮೊದಲು ತಪ್ಪು ಲೆಕ್ಕ ಮಾಡಿದ್ದು ನಾನೇ ಅಂತ ಜಡ್ಜಿನ ಮುಂದೆ ಹೇಳುತ್ತೇನೆ, ನಕ್ಕರೆ ನಗಲಿ.

ನೀನು ಸುಮ್ಮನಿದ್ದದ್ದು ನನ್ನ ಮೇಲಿನ ಸಿಟ್ಟಿಗೆ ಅಂದುಕೊಂಡು ಎರಡು ತಿಂಗಳು ಹಠ ಹಿಡಿದು ಕೂತಿದ್ದೆ. ಆಗ ಒಂದು ಬಸ್ಸು ಹತ್ತಿ ಬಂದಿದ್ದರೆ ಅವನು ಕೋರ್ಟಿನಲ್ಲಿ ಆ ಮಾತು ಆಡುತ್ತಿರಲಿಲ್ಲ. ನನಗೆ ನಿದ್ದೆ ಬರುತ್ತಿಲ್ಲ ಸುಪ್ಪಿ. ನೀನು ಕೂಡಲೇ ಹೋಗಿ ಅವನನ್ನು ನೋಡು. ಅವನ ಮಾತು ನಿಜ ಅಂತ ಹೇಳು.

ದೀಪಾ


ಮೂಡಿಗೆರೆ
೧೫ ಜುಲೈ ೧೯೯೪

ಪ್ರೀತಿಯ ದೀಪಾ,

ಹಾಳೆಗಳು ಬಂದವು. ವಕೀಲರ ಮುಖದಲ್ಲಿ ಆರು ತಿಂಗಳಲ್ಲಿ ಮೊದಲ ಸಲ ಕಳೆ ಬಂತು. ವಿಶು ಹಿಂದಿನ ಮಾತು ವಾಪಸ್ ತಗೊಂಡರೆ ಕೊಲೆ ಕೇಸು ನಿಲ್ಲುವುದಿಲ್ಲ, ನಿರ್ಲಕ್ಷ್ಯದ ಕೇಸಾಗುತ್ತದೆ, ಜಾಮೀನು ಸಿಗುತ್ತದೆ ಅಂದರು. ಗಿಡ್ಡಮ್ಮನೂ ಬಂದು ಹೇಳುತ್ತೇನೆ ಅಂದಿದ್ದಾರೆ.

ನಿನ್ನೆ ಜೈಲಿಗೆ ಹೋದೆ. ಮೊದಲು ಬರುವುದಿಲ್ಲ ಅಂತ ಹೇಳಿಕಳಿಸಿದ. ಸಂಜೆವರೆಗೂ ಬಾಗಿಲಲ್ಲೇ ಕೂತಿದ್ದೆ. ಕಾವಲಿನವರಿಗೇ ಅಯ್ಯೋ ಅನ್ನಿಸಿ ಕರೆತಂದರು. ಗಡ್ಡ ಬಿಟ್ಟಿದ್ದಾನೆ, ಕೆನ್ನೆ ಒಳಗೆ ಹೋಗಿದೆ. ಗೇಟು ತಿರುಗಿಸಿ ಹಾಕಿದ್ದು, ನಾನು ಅಳೆದದ್ದು, ನೀನು ಕಳಿಸಿದ ಉತ್ತರ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಹದಿನೇಳು ಬಂತು ವಿಶು, ನೀನು ಹೇಳಿದ್ದೇ ಸರಿ ಅಂದೆ. ಅತ್ತುಬಿಟ್ಟೆ.

ಅವನು ಅಳಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತೋ ಏನೋ.

"ಲೆಕ್ಕ ಸರಿ ಬಂತು ಅಂತ ಬಂದ್ಯಾ ಅಕ್ಕ?" ಅಂದ.

ಜಾಲರಿಯೊಳಗೆ ಬೆರಳು ಹಾಕಿದೆ. ಅವನು ಹಿಂದೆ ಸರಿದ.

"ಆವತ್ತು ಊರವ್ರೆಲ್ಲ ಏನಾದ್ರೂ ಅನ್ಲಿ, ಅಕ್ಕ ಇದಾಳಲ್ಲ ಅಂದ್ಕೊಂಡಿದ್ದೆ. ನೀನೇ ಹಾಗಂದ ಮೇಲೆ ಯಾರಿಗೋಸ್ಕರ ಇಲ್ಲ ಅನ್ಲಿ? ಹೌದು ಅಂದ್ಬಿಟ್ಟೆ" ಅಂದ. ಆಮೇಲೆ, "ಇಪ್ಪತ್ತೆರಡಕ್ಕೆ ಜಡ್ಜಿಗೆ ಸರಿಯಾಗಿ ಹೇಳ್ತೀನಿ. ಅಮ್ಮಂಗೋಸ್ಕರ. ದೀಪಕ್ಕ ಬರ್ಲಿ, ಗಿಡ್ಡಮ್ಮ ಬರ್ಲಿ. ನೀನು ಬರ್ಬೇಡ" ಅಂತ ಹೇಳಿ ಒಳಗೆ ಹೋದ. ಟೈಮು ಇನ್ನೂ ಇತ್ತು.

ತಪ್ಪು ನಿನ್ನದಲ್ಲ ದೀಪಾ. ನೀನು ಒಂದು ಗೇಟಿನ ಲೆಕ್ಕ ತಪ್ಪಿದೆ, ತಿದ್ದಿದೆ. ಅವನು ಎಂಥವನು ಅಂತ ನನಗೆ ಯಾವ ಲೆಕ್ಕವೂ ಇಲ್ಲದೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಒಂದು ಹಾಳೆ ನೋಡಿ ಬಿಟ್ಟುಕೊಟ್ಟೆ.

ಇಪ್ಪತ್ತೆರಡರಂದು ಅಮ್ಮನನ್ನು ಬೆಳಗಿನ ಬಸ್ಸಿಗೆ ಹತ್ತಿಸುತ್ತೇನೆ. ನೀನು ಕೋರ್ಟಿನ ಬಾಗಿಲಲ್ಲಿ ಅವಳ ಕೈ ಹಿಡಿದುಕೋ, ಮೆಟ್ಟಿಲು ಹತ್ತುವಾಗ ಅವಳಿಗೆ ತಲೆಸುತ್ತು ಬರುತ್ತದೆ. ಜಡ್ಜು ಏನಂದರು ಅನ್ನುವುದನ್ನು ವಕೀಲರು ಹೇಳುತ್ತಾರೆ. ಅವನು ಹೇಗಿದ್ದ, ಗಡ್ಡ ತೆಗೆದಿದ್ದನಾ, ಬೆಳಿಗ್ಗೆ ಏನಾದರೂ ತಿಂದಿದ್ದನಾ, ನೀನು ಅದನ್ನು ಬರೆ. ನಾನು ಅಂಗಡಿಯಲ್ಲಿರುತ್ತೇನೆ.

ಸುಪ್ಪಿ